ಎಂಟರ್ ಒತ್ತುವ ಕೈ

ಗಂಡ ತೀರಿಕೊಂಡ ಮೇಲೆ ನಾನು ಮತ್ತೆ ಕೆಲಸಕ್ಕೆ ಹೋದ ದಿನ ಸುಬ್ರಮಣಿ ಸಾರ್ ಎದ್ದು ನಿಂತರು. ಅವರು ಯಾರಿಗೂ ಎದ್ದು ನಿಲ್ಲುವವರಲ್ಲ. ಕೆಳಗಿನ ದರ್ಶಿನಿಯಿಂದ ಕಾಫಿ ತರಿಸಿದರು.

“ನಿಮ್ಮ ಕುರ್ಚಿ ಹಾಗೇ ಇದೆ ಚೇತನಾ,” ಎಂದರು. “ಕಂಪ್ಯೂಟರೂ ಹಾಗೇ ಇದೆ. ಮೊದಲು ಹೇಗೆ ಮಾಡ್ತಿದ್ರೋ ಹಾಗೇ ಮಾಡ್ಕೊಂಡ್ ಹೋಗಿ. ಒಂದೇ ಒಂದು. ಆ ಎಂಟರ್ ಮಾತ್ರ ನೀವು ಒತ್ತಬೇಡಿ.”

“ಯಾವ ಎಂಟರ್ ಸಾರ್?”

“ಬೆಳಿಗ್ಗೆ ಡೇಟಾಬೇಸ್ ಶುರು ಮಾಡೋದು. ಅದೊಂದು. ಮಿಕ್ಕಿದ್ ಎಂಟರ್ ಎಲ್ಲಾ ನಿಮ್ಮದೇ.”

ನಾನು ಆಗಲಿ ಎಂದೆ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಆಗಲಿ ಎನ್ನುತ್ತಿದ್ದೆ.

ನಮ್ಮದು ವಧೂವರರ ಮಾಹಿತಿ ಕೇಂದ್ರ. ಚಂದ್ರಾ ಲೇಔಟಿನಲ್ಲಿ, ದರ್ಶಿನಿಯ ಮೇಲಿನ ಮಹಡಿಯ ಎರಡು ಕೋಣೆ. ಹೊರಗಿನ ಕೋಣೆಯಲ್ಲಿ ಬಂದವರು ಕೂರುತ್ತಾರೆ, ಒಳಗಿನದರಲ್ಲಿ ನಾನು ಮತ್ತು ಕಂಪ್ಯೂಟರ್. ಹುಡುಗ ಹುಡುಗಿಯರ ಎತ್ತರ, ನಕ್ಷತ್ರ, ಗೋತ್ರ, ಸಂಬಳ, ಜನ್ಮದಿನಾಂಕ ಎಲ್ಲವೂ ಡೇಟಾಬೇಸಿನೊಳಗೆ. ಕಂಪ್ಯೂಟರ್ ಶುರುವಾದ ಮಾತ್ರಕ್ಕೆ ಡೇಟಾಬೇಸ್ ಶುರುವಾಗುವುದಿಲ್ಲ. ಅಂಗಡಿಯ ಷಟರ್ ಎತ್ತಿದ ಮೇಲೆ ಒಳಗಿನ ಬೀರುವಿನ ಬೀಗವನ್ನು ಬೇರೆಯಾಗಿ ತೆಗೆಯಬೇಕಲ್ಲ, ಹಾಗೆ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಬೇಕು. ಅಲ್ಲಿಯ ತನಕ ಅಷ್ಟೂ ಹುಡುಗ ಹುಡುಗಿಯರು ಒಳಗೇ ಇರುತ್ತಾರೆ.

ಆ ಎಂಟರನ್ನು ಸುಬ್ರಮಣಿ ಸಾರ್ ದೀಪ ಹಚ್ಚುವುದಕ್ಕೆ ಸಮ ಎಂದು ನಂಬಿದ್ದರು. ಊದುಬತ್ತಿ ಹಚ್ಚಿ, ರಾಹುಕಾಲ ಕಳೆದಿದೆಯೇ ಎಂದು ಗೋಡೆಯ ಕ್ಯಾಲೆಂಡರ್ ನೋಡಿ, “ಹೂಂ, ಒತ್ತಿ” ಎನ್ನುತ್ತಿದ್ದರು. ಮದುವೆಯ ಕೆಲಸವಾದ್ದರಿಂದ ಮುತ್ತೈದೆಯ ಕೈ ಆಗಬೇಕು. ಎರಡು ವರ್ಷ ಆ ಕೈ ನನ್ನದಾಗಿತ್ತು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಅದಕ್ಕೇ ಎಂದು ನನಗೆ ತಿಳಿದಿರಲಿಲ್ಲ. ಸ್ಟ್ಯಾಟಿಸ್ಟಿಕ್ಸಿನಲ್ಲಿ ಎಂ.ಎಸ್ಸಿ. ಮಾಡಿದ್ದಕ್ಕೆ ಎಂದುಕೊಂಡಿದ್ದೆ.

ಅವರೇ ಒತ್ತಬಹುದಿತ್ತು. ಆದರೆ ಅವರಿಗೆ ತಮ್ಮ ಕೈಗುಣದ ಮೇಲೆ ನಂಬಿಕೆ ಇರಲಿಲ್ಲ. ಮೊದಲು ಶಾಮಿಯಾನದ ಅಂಗಡಿ ಇಟ್ಟಿದ್ದರು. ತಾವೇ ರಿಬ್ಬನ್ ಕತ್ತರಿಸಿದ್ದರು. ಮೊದಲ ಮದುವೆಯಲ್ಲೇ ಶಾಮಿಯಾನ ಗಾಳಿಗೆ ಹಾರಿ ಪಕ್ಕದ ರಸ್ತೆಯ ನಾಮಕರಣದ ಮೇಲೆ ಬಿತ್ತು. ಆಮೇಲೆ ಮಿಕ್ಸಿ ರಿಪೇರಿ, ಆಮೇಲೆ ಎಸ್‌ಟಿಡಿ ಬೂತ್. ಅವರಿಗೆ ಮದುವೆಯೂ ಆಗಿರಲಿಲ್ಲ. ಬಂದವರು ಯಾರೂ ಅದನ್ನು ಕೇಳುತ್ತಿರಲಿಲ್ಲ. ವಧೂವರರ ಕೇಂದ್ರದ ಮಾಲೀಕರನ್ನು ನೋಡಿ ಇವರಿಗೆ ಮದುವೆಯಾಗಿದೆಯೇ ಎಂದು ಯಾರಿಗೂ ಸಂಶಯ ಬರುವುದಿಲ್ಲ.

ಹೀಗಾಗಿ ನಾನು ಸಾಲು ಟೈಪ್ ಮಾಡಿ ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದೆ. ಕೆಳಗಿನಿಂದ ವರಲಕ್ಷ್ಮಿ ಬಂದು ಎಂಟರ್ ಒತ್ತುತ್ತಿದ್ದರು. ವರಲಕ್ಷ್ಮಿ ದರ್ಶಿನಿಯಲ್ಲಿ ತೆಂಗಿನಕಾಯಿ ತುರಿಯುವವರು, ಐವತ್ತರ ಹತ್ತಿರ. ಗಂಡ ಬೈರಯ್ಯ ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸಿನಲ್ಲಿ ವಾಚ್‌ಮನ್, ಗಟ್ಟಿಮುಟ್ಟಾಗಿದ್ದರು. ಅದನ್ನು ಸಾರ್ ಖುದ್ದಾಗಿ ಹೋಗಿ ನೋಡಿಕೊಂಡು ಬಂದಿದ್ದರು.

“ಇದೇನಾ ಕಣಮ್ಮ?” ಎಂದು ವರಲಕ್ಷ್ಮಿ ಮೊದಲ ದಿನ ಕೇಳಿದರು.

“ಅದು ಶಿಫ್ಟು ಅಕ್ಕ. ಅದರ ಮೇಲಿಂದು.”

“ಶಾಕ್ ಹೊಡಿಯಲ್ವಾ?”

“ಇಲ್ಲ.”

“ಮತ್ತೆ ನೀನೇ ಯಾಕೆ ಒತ್ತಲ್ಲ?” ಎಂದವರು ನನ್ನ ಹಣೆ ನೋಡಿದರು. ಒತ್ತಿದರು. ಬೆರಳಿನ ತೆಂಗಿನತುರಿ ಕೀಲಿಯ ಸಂದಿಗೆ ಬಿತ್ತು. ಒಂದು ವಾರದಲ್ಲಿ ಕೀಬೋರ್ಡಿಗೆ ಇರುವೆ ಬಂದವು. ಇರುವೆ ಬರುವುದು ಲಕ್ಷ್ಮಿ ಬರುವ ಲಕ್ಷಣ ಎಂದು ಸಾರ್ ಅವನ್ನು ಓಡಿಸಲು ಬಿಡಲಿಲ್ಲ.

ಅದು ಎರಡು ಸಾವಿರದ ಐದು. ಆಷಾಢದ ಗಾಳಿಗೆ ದಿನಕ್ಕೆ ನಾಲ್ಕಾರು ಸಲ ಕರೆಂಟ್ ಹೋಗುತ್ತಿತ್ತು. ಯುಪಿಎಸ್ ಇತ್ತು. ಕರೆಂಟ್ ಹೋದ ಕೂಡಲೇ ಅದು ಒಮ್ಮೆ ಕೀರಲು ಕೂಗಿ ಎಲ್ಲಕ್ಕಿಂತ ಮೊದಲು ತಾನು ಆರಿಹೋಗುತ್ತಿತ್ತು. ಕರೆಂಟ್ ಬಂದಾಗ ಕಂಪ್ಯೂಟರ್ ಶುರು ಮಾಡಿ, ಸಾಲು ಟೈಪ್ ಮಾಡಿ, ಕಿಟಕಿಯಿಂದ ಬಗ್ಗಿ “ವರಲಕ್ಷ್ಮಕ್ಕಾ” ಎಂದು ಕೂಗಬೇಕು. ಅವರು ಕೈ ಒರೆಸುತ್ತ ಮೆಟ್ಟಿಲು ಹತ್ತಬೇಕು. ಅಷ್ಟರಲ್ಲಿ ರಾಹುಕಾಲ ಶುರುವಾಗಿದ್ದರೆ ಅದು ಮುಗಿಯುವ ತನಕ ಅವರು ಇಳಿಯುವಂತಿಲ್ಲ, ಒತ್ತುವಂತಿಲ್ಲ. ಬಂದವರ ಜೊತೆ ಕೂತು ಅವರಿಗೆ ಸೊಪ್ಪಿನ ರೇಟು ಹೇಳುತ್ತಿದ್ದರು.

ಒಂದು ದಿನ ದರ್ಶಿನಿಯ ತಿಮ್ಮಯ್ಯನವರೇ ಮೇಲೆ ಬಂದರು.

“ಸುಬ್ರಮಣಿ, ನಿನ್ನ ಕಂಪ್ಯೂಟರ್‌ಗೋಸ್ಕರ ನಾನು ಗಿರಾಕಿಗಳಿಗೆ ಬರೀ ಇಡ್ಲಿ ಕೊಡ್ತಿದೀನಿ ಕಣಯ್ಯ. ಚಟ್ನಿ ಎಲ್ಲಿ ಅಂದ್ರೆ ಮೇಲೆ ಹೋಗೈತೆ ಅಂತ ಹೇಳ್ಬೇಕು. ಇನ್ನ ಕಳಿಸಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊ.”

ಅವರು ಇಳಿದು ಹೋದ ಮೇಲೆ ಸಾರ್ ನನ್ನ ಕೋಣೆಗೆ ಬಂದು ಬಾಗಿಲ ಬಳಿ ನಿಂತರು.

“ನಮ್ಮ ನೆಂಟರಲ್ಲಿ ಒಂದು ಹುಡುಗಿ ಇದಾಳೆ. ಕಂಪ್ಯೂಟರ್ ಡಿಪ್ಲೊಮಾ ಆಗಿದೆ. ಗಂಡ ಇದಾನೆ. ಆಷಾಢ ಕಳೆಯೋದ್ರೊಳಗೆ ನೀವು ಏನಾದ್ರೂ ದಾರಿ ಹುಡುಕಿ. ಇಲ್ಲಾಂದ್ರೆ ಅವಳನ್ನ ಕರೀಬೇಕಾಗುತ್ತೆ. ಒಂದೇ ಕುರ್ಚಿ ಇರೋದು ನಮ್ಮಲ್ಲಿ. ತಪ್ಪು ತಿಳ್ಕೋಬೇಡಿ.”

ನಾನು ಆಗಲಿ ಎಂದೆ. ಆಮೇಲೆ ಕೂತು ಯೋಚಿಸಿದಾಗ, ಆಗಲಿ ಎನ್ನಬಾರದಿತ್ತು ಎನಿಸಿತು. ನನಗೆ ಆ ಕುರ್ಚಿ ಬೇಕಿತ್ತು. ಸಂಬಳದ ಮಾತಲ್ಲ. ಆರ್‌ಪಿಸಿ ಲೇಔಟಿನ ಮನೆಯಲ್ಲಿ ಅತ್ತೆ ಮತ್ತು ನಾನು. ಅತ್ತೆ ಕೆಟ್ಟವರಲ್ಲ. ಆದರೆ ಹಗಲು ಇಬ್ಬರೂ ಮನೆಯಲ್ಲಿದ್ದರೆ ಯಾರಾದರೊಬ್ಬರು ಎದ್ದು ಹೋಗಿ ನನ್ನ ಗಂಡನ ಸ್ಕೂಟರಿನ ಧೂಳು ಒರೆಸುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು. ಬೆಳಗಿನಿಂದ ಸಂಜೆಯ ತನಕ ಹೋಗಿ ಕೂರಲು ನನಗೊಂದು ಜಾಗ ಬೇಕಿತ್ತು.

ಕಂಪ್ಯೂಟರಿನ ಒಳಗಿನ ವಿಷಯ ನನಗೆ ಗೊತ್ತಿದ್ದುದು ಕಡಿಮೆ. ಮನೆಯಲ್ಲಿ ಕೇಳಲು ಯಾರೂ ಇರಲಿಲ್ಲ. ಇದ್ದಾಗಲೂ ಪ್ರಯೋಜನವಿರಲಿಲ್ಲ. ನನ್ನ ಗಂಡ ರಾಜಾಜಿನಗರದ ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. ಕಂಪ್ಯೂಟರ್ ಬಗ್ಗೆ ಅವರ ಬಳಿ ಇದ್ದದ್ದು ಒಂದೇ ಕತೆ. ಎರಡು ಸಾವಿರ ಇಸವಿ ಬಂದ ಗಳಿಗೆಗೆ ಕಂಪ್ಯೂಟರುಗಳೆಲ್ಲ ತಾರೀಖು ತಪ್ಪಿ ಕೆಟ್ಟುಹೋಗುತ್ತವೆ ಎಂದು ಆಗ ಎಲ್ಲರೂ ಹೆದರಿದ್ದರಂತೆ. ಆ ರಾತ್ರಿ ಬ್ಯಾಂಕಿನವರು ಗುಮಾಸ್ತರನ್ನೆಲ್ಲ ಪರದೆಗಳ ಮುಂದೆ ಕೂರಿಸಿದ್ದರು. ಹನ್ನೆರಡು ಹೊಡೆಯಿತು. ಏನೂ ಆಗಲಿಲ್ಲ. ಚಿತ್ರಾನ್ನ ತಿಂದು ಮನೆಗೆ ಬಂದರು. ಅಷ್ಟೇ ಕತೆ. ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. “ಏನೂ ಆಗಲಿಲ್ಲ” ಎನ್ನುವಲ್ಲಿ ತಾವೇ ಮೊದಲು ನಗುತ್ತಿದ್ದರು.

ಹಾಗಾಗಿ ಬಾಳೇಶನನ್ನು ಕರೆಸಿದೆ. ವಿಜಯಪುರದ ಕಡೆಯ ಹುಡುಗ, ವಿಜಯನಗರದ ಸುತ್ತಮುತ್ತ ಬೈಕಿನಲ್ಲಿ ಓಡಾಡಿಕೊಂಡು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಕತೆ ಪೂರ್ತಿ ಕೇಳಿದ. ನಗಲಿಲ್ಲ. ಅದಕ್ಕೆ ಅವನ ಮೇಲೆ ನನಗೆ ಗೌರವ ಬಂತು.

“ಇಷ್ಟ ಏನ್ರಿ ಮೇಡಂ? ಒಂದು ಸಾಲ್ ಹೊಡದ್ರ ಮುಗೀತ್ರಿ. ಕರೆಂಟ್ ಬಂದ ಕೂಡ್ಲೆ ಮಷಿನ್ ತಾನ ಚಾಲೂ ಆಗ್ತೈತಿ, ಅದರ ಹಿಂದ ಡೇಟಾಬೇಸ್ ತಾನ ಏಳ್ತೈತಿ. ಯಾರೂ ಏನೂ ಒತ್ತೂದ್ ಬ್ಯಾಡ.”

ಸಾರ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. “ಯಾರೂ ಒತ್ತಬೇಕಾಗಿಲ್ವಾ?”

“ಯಾರೂ ಇಲ್ರಿ ಸರ್.”

ಸಾರ್ ಮುಖ ಅರಳಿತು. ಹೊರಗೆ ಹೋದರು. ಮತ್ತೆ ಒಳಗೆ ಬಂದರು. ಮುಖ ಮುದುಡಿತ್ತು.

“ಆ ಒಂದು ಸಾಲು ಯಾರು ಹೊಡೀತಾರೆ?”

“ಮೇಡಂ ಹೊಡೀಲಿ, ಇಲ್ಲ ನಾ ಹೊಡೀತೀನ್ರಿ.”

“ಅವರು ಬೇಡ. ನಿನಗೆ ಮದುವೆ ಆಗಿದೆಯಾ?”

“ಇಲ್ರಿ. ನೀವ ಒಂದು ನೋಡ್ರಲ್ಲ.”

ವರಲಕ್ಷ್ಮಿಯನ್ನು ಕರೆಸಿದರು. ಕೊನೆಯ ಸಲ ಎಂದು ತಿಮ್ಮಯ್ಯನವರಿಗೆ ಮಾತು ಕೊಟ್ಟು ಕರೆಸಿದರು. ವರಲಕ್ಷ್ಮಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಪಕ್ಕದಲ್ಲಿ ನಿಂತು, ಕೀಬೋರ್ಡ್ ಮುಟ್ಟದೆ, ಒಂದೊಂದೇ ಅಕ್ಷರ ತೋರಿಸಬೇಕಾಯಿತು.

“ಮೊದಲು ಅರ್ಧ ಬಳೆ ಥರ ಇದೆಯಲ್ಲ, ಅದು.”

“ಹೂಂ.”

“ಆಮೇಲೆ ಏಣಿ. ಒಂದೇ ಮೆಟ್ಟಿಲಿನ ಏಣಿ.”

“ಇದಾ? ಇದ್ರಲ್ಲಿ ಯಾರು ಹತ್ತಾರು.”

“ಈಗ ಕಾಲೆತ್ತಿ ಒದೀತಿರೋದು. ಆಮೇಲೆ ಮತ್ತೆ ಬಳೆ.”

“ಅದೇ ಬಳೇನಾ, ಬೇರೆ ಬಳೇನಾ?”

“ಅದೇ. ಈಗ ಉಂಡೆ.”

“ಉಂಡೆ ಎರಡವೆ ಕಣಮ್ಮ. ಒಂದಕ್ಕೆ ಬಾಲ ಐತೆ.”

“ಬಾಲ ಇಲ್ಲದ್ದು.”

ಹೀಗೆ ಸಾಲಿನ ತುದಿಗೆ ಬಂದೆವು. ಬಾಳೇಶ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಸಾರ್ ಕ್ಯಾಲೆಂಡರ್ ನೋಡಿ “ಹೂಂ” ಎಂದರು. ವರಲಕ್ಷ್ಮಿ ಎಂಟರ್ ಒತ್ತಿ, ಅಭ್ಯಾಸಬಲದಿಂದ ಪರದೆಗೆ ಕೈ ಮುಗಿದು, ಇನ್ನು ಮೇಲೆ ಮೆಟ್ಟಿಲು ಹತ್ತುವ ಕೆಲಸವಿಲ್ಲವಲ್ಲ ಎಂದು ಹೇಳಿ ಇಳಿದು ಹೋದರು.

ಮುಗಿಯಿತು ಎಂದುಕೊಂಡೆ.

“ತಾನೇ ಏಳೋದು ಸರಿ,” ಎಂದರು ಸಾರ್. “ರಾಹುಕಾಲದಲ್ಲಿ ಎದ್ರೆ?”

“ಅದಕ್ಕ ರಾಹುಕಾಲ ಗೊತ್ತಿಲ್ರಿ ಸರ್,” ಎಂದ ಬಾಳೇಶ.

“ಗೊತ್ತಿಲ್ದಿದ್ರೆ ಹೇಳ್ಕೊಡಿ.”

ಹೇಳಿಕೊಟ್ಟೆವು. ಗೋಡೆಯ ಕ್ಯಾಲೆಂಡರ್ ಇಳಿಸಿ ವಾರದ ಏಳು ದಿನಗಳ ರಾಹುಕಾಲವನ್ನು ಅದಕ್ಕೆ ಬರೆದು ಕೊಟ್ಟೆ. ಎಚ್ಚರವಾದ ಕೂಡಲೇ ಅದು ಇವತ್ತು ಯಾವ ವಾರ, ಈಗ ಎಷ್ಟು ಗಂಟೆ ಎಂದು ತನ್ನ ಗಡಿಯಾರ ನೋಡಿಕೊಳ್ಳಬೇಕು. ರಾಹುಕಾಲವಿದ್ದರೆ ಅದು ಕಳೆಯುವ ತನಕ ಡೇಟಾಬೇಸನ್ನು ಎಬ್ಬಿಸದೆ ಸುಮ್ಮನೆ ಕೂರಬೇಕು. ಇದನ್ನು ನಾನೇ ಟೈಪ್ ಮಾಡಿದೆ. ಸಾರ್ ಆಕ್ಷೇಪಿಸಲಿಲ್ಲ. ಕಾಯಿಸುವ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು ಎಂದರು.

ಮರುದಿನ ಕರೆಂಟ್ ಹೋಗಿ ಬಂತು. ಕಂಪ್ಯೂಟರ್ ತಾನೇ ಎದ್ದಿತು. ಗಡಿಯಾರ ನೋಡಿಕೊಂಡಿತು. ಡೇಟಾಬೇಸನ್ನು ಎಬ್ಬಿಸಿತು. ನಾನು ಮಡಿಲಲ್ಲಿ ಕೈ ಇಟ್ಟುಕೊಂಡು ನೋಡುತ್ತಿದ್ದೆ. ಸಾರ್ ಚಪ್ಪಲಿ ಬಿಟ್ಟು ಒಳಗೆ ಬಂದು ನೋಡಿದರು. ಆಮೇಲೆ ಕೇಳಿದರು.

“ಈಗ ಇದನ್ನ ಶುರು ಮಾಡಿದ್ದು ಯಾರು?”

“ಯಾರೂ ಇಲ್ಲ ಸಾರ್. ಕರೆಂಟ್ ಬಂತು.”

“ಕರೆಂಟ್ ಯಾರು ಕೊಟ್ರು?”

ಎರಡು ರಸ್ತೆ ಆಚೆ ಕರೆಂಟ್ ಆಫೀಸು. ನಡೆದುಕೊಂಡೇ ಹೋದೆವು. ಇಂಥ ವಿಷಯ ಕೇಳುವಾಗ ಜೊತೆಗೆ ಹೆಂಗಸರಿದ್ದರೆ ಒಳ್ಳೆಯದು ಎಂದು ಸಾರ್ ನನ್ನನ್ನು ಕರೆದುಕೊಂಡರು. ನಮ್ಮ ಕಡೆಯ ಲೈನ್‌ಮನ್ ಕೆಂಚಪ್ಪ ಎನ್ನುವವರು ಹೊಂಗೆಮರದ ಕೆಳಗೆ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಬೆಳಿಗ್ಗೆ ಫ್ಯೂಸ್ ಹಾಕಿದ್ದು ತಾವೇ ಎಂದರು. ಯಾಕೆ, ಮತ್ತೆ ಹೋಯಿತೇ ಎಂದರು.

“ಅದಲ್ಲ,” ಎಂದರು ಸಾರ್. “ಮನೇಲಿ ಎಲ್ಲಾ ಚೆನ್ನಾಗಿದಾರಾ? ನಿಮ್ಮ ಮನೆಯವರು?”

“ಅವಳು ತೀರ್ಕೊಂಡು ವರ್ಷದ ಮೇಲಾಯ್ತು ಸಾರ್.”

ಕೆಂಚಪ್ಪ ನಮಗೆ ಎರಡೆರಡು ಕಡಲೆಕಾಯಿ ಕೊಟ್ಟರು. ವಾಪಸ್ ಬರುವಾಗ ನಾನು ಸಾರ್ ಮುಖ ನೋಡುತ್ತಿದ್ದೆ. ನನ್ನ ಕುರ್ಚಿ ಆ ಮುಖದಲ್ಲಿತ್ತು. ರಸ್ತೆಯ ತಿರುವಿನಲ್ಲಿ ಅವರು ಕಡಲೆಕಾಯಿ ಒಡೆದು ಬಾಯಿಗೆ ಹಾಕಿಕೊಂಡರು.

“ಪರವಾಗಿಲ್ಲ.”

“ಅವರ ಹೆಂಡತಿ ಇಲ್ಲವಲ್ಲ ಸಾರ್.”

“ಗಂ‌ಡಸರಿಗೆ ಆ ಲೆಕ್ಕ ಇಲ್ಲಮ್ಮ.”

“ಹೌದಾ ಸಾರ್?”

“ಹೂಂ. ಶಾಸ್ತ್ರದಲ್ಲೇ ಇದೆ.”

ಯಾವ ಶಾಸ್ತ್ರ ಎಂದು ನಾನು ಕೇಳಲಿಲ್ಲ. ಕಡಲೆಕಾಯಿ ಚೆನ್ನಾಗಿತ್ತು. ಸಂಜೆ ಕೆಂಚಪ್ಪ ತಲೆ ಬಾಚಿಕೊಂಡು, ಫೋಟೋ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ವಯಸ್ಸು ನಲವತ್ತೆರಡು, ಸರ್ಕಾರಿ ಕೆಲಸ, ಎರಡನೇ ಸಂಬಂಧ. ನಾನೇ ಟೈಪ್ ಮಾಡಿ ಎಂಟರ್ ಒತ್ತಿದೆ. ಅದು ಬೇರೆ ಎಂಟರ್.

ಆಷಾಢ ಕಳೆಯಿತು. ಕುರ್ಚಿ ನನ್ನದಾಗಿಯೇ ಉಳಿಯಿತು. ಶ್ರಾವಣದಲ್ಲಿ ಮೆಟ್ಟಿಲ ತನಕ ಜನ. ನೆಂಟರ ಹುಡುಗಿಯ ಮಾತು ಸಾರ್ ಬಾಯಲ್ಲಿ ಬರಲಿಲ್ಲ. ನಾನು ಮನೆಯಿಂದ ಒಂದು ದಿಂಬು ತಂದು ಕುರ್ಚಿಗೆ ಹಾಕಿಕೊಂಡೆ.

ಶ್ರಾವಣದ ಕೊನೆಯ ಹೊತ್ತಿಗೆ ದರ್ಶಿನಿಗೆ ಸುಣ್ಣಬಣ್ಣ ಮಾಡಿಸಲು ಬಾಗಿಲು ಹಾಕಿದರು. ವರಲಕ್ಷ್ಮಿ ಮಾಗಡಿಯ ತಂಗಿ ಮನೆಗೆ ಹೋದರು. ಆ ದಿನವೇ ನಮ್ಮ ಹೊರಗಿನ ಕೋಣೆಯಲ್ಲಿ ಎರಡು ಕುಟುಂಬ ಎದುರುಬದುರು ಕೂತಿದ್ದವು. ಗದಗಿನ ಕಡೆಯಿಂದ ಬಂದು ಕಾಮಾಕ್ಷಿಪಾಳ್ಯದಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಿದ್ದ ರೇವಣಸಿದ್ದ ಮತ್ತು ಅವನ ತಾಯಿ ಶಾಂತವ್ವ ಒಂದು ಕಡೆ. ಕೆಂಗೇರಿಯ ಹುಡುಗಿಯೊಬ್ಬಳ ಅಪ್ಪ ಅಮ್ಮ ಇನ್ನೊಂದು ಕಡೆ. ಎರಡೂ ಕಡೆಯ ವಿವರಗಳ ಹಾಳೆ ಅಚ್ಚು ಹಾಕಿ, ಒಳ್ಳೆಯ ಗಳಿಗೆ ಮುಗಿಯುವುದರೊಳಗೆ ಅದಲು ಬದಲು ಮಾಡಿಸಬೇಕು. ರೇವಣಸಿದ್ದನಿಗೆ ಮೂವತ್ತನಾಲ್ಕಾಗಿತ್ತು. ಅವನ ತಾಯಿ ಆರು ವರ್ಷದಿಂದ ಹುಡುಗಿ ನೋಡುತ್ತಿದ್ದರು.

ಕರೆಂಟ್ ಹೋಯಿತು. ಬಂತು. ಕಂಪ್ಯೂಟರ್ ಎದ್ದಿತು. ಅರ್ಧಕ್ಕೆ ನಿಂತಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಗಡಿಯಾರ ಕೈಕೊಟ್ಟಿದೆ, ಮುಂದುವರಿಯಬೇಕಾದರೆ ಎಫ್ ಒನ್ ಒತ್ತಿ ಎಂದಿತ್ತು.

ಬಾಳೇಶನಿಗೆ ಫೋನ್ ಮಾಡಿದೆ. ಅವನು ಕೆಂಗೇರಿಯ ಆಚೆ ಎಲ್ಲೋ ಇದ್ದ.

“ಶೆಲ್ ಹೋಗೇತ್ರಿ ಮೇಡಂ. ಒಳಗ ಬಟನ್‌ನಂಥಾ ಒಂದು ಶೆಲ್ ಇರ್ತೈತಿ. ಕರೆಂಟ್ ಇಲ್ದಾಗ ಅದಕ್ಕ ತಾರೀಖು ನೆನಪಿಡೂದು ಅದ. ನಾಳಿ ತಂದ್ ಹಾಕ್ತೀನಿ. ಈಗ ಎಫ್ ಒನ್ ಒತ್ತಿಬಿಡ್ರಿ.”

“ಒತ್ತಲೇಬೇಕಾ?”

“ಒತ್ತಲಿಲ್ಲಂದ್ರ ಮುಂದ ಹೋಗಂಗಿಲ್ರಿ ಅದು.”

ಸಾರ್ ಒಳಗೆ ಬಂದು ಬಾಗಿಲು ಮುಚ್ಚಿದರು. ಮೆಲ್ಲಗೆ ಮಾತಾಡಿದರು.

“ಏನಾಯ್ತು?”

“ಒಂದು ಕೀಲಿ ಒತ್ತಬೇಕು ಸಾರ್.”

“ಒತ್ತಬೇಕಾ? ತಾನೇ ಶುರುವಾಗ್ಲಿ ಅಂತ ತಾನೇ ಇಷ್ಟೆಲ್ಲಾ ಮಾಡಿದ್ದು?”

“ತಾನೇ ಶುರುವಾಗೋದಕ್ಕೆ ಒಪ್ಪಿಗೆ ಕೇಳ್ತಾ ಇದೆ ಸಾರ್.”

ಅವರು ಕಿಟಕಿಯಿಂದ ಕೆಳಗೆ ನೋಡಿದರು. ದರ್ಶಿನಿಯ ಮುಂದೆ ಸುಣ್ಣದ ಬಕೆಟ್ ಮಾತ್ರ ಇತ್ತು. ಹೊರಗೆ ಹುಡುಗಿಯ ತಾಯಿ ಇದ್ದರು, ತಲೆತುಂಬ ಹೂವು ಮುಡಿದುಕೊಂಡಿದ್ದರು. ಅವರನ್ನು ಕರೆಯುವಂತಿರಲಿಲ್ಲ. ತಮ್ಮ ಮಗಳ ಹಾಳೆ ತೆಗೆಯುವಾಗಲೇ ಯಂತ್ರ ನಿಂತಿತು ಎಂದು ಗೊತ್ತಾದರೆ ಅವರು ಎದ್ದು ಹೋಗುತ್ತಾರೆ. ಸಾರ್ ತಮ್ಮ ಬಲಗೈಯನ್ನು ಎತ್ತಿ ನೋಡಿಕೊಂಡರು. ಶಾಮಿಯಾನದ ನೆನಪಾಯಿತೇನೋ, ಜೇಬಿಗೆ ಹಾಕಿಕೊಂಡರು.

“ಇದು ದಿನಾ ಹೀಗೇನಾ ಇನ್ನು?”

“ಶೆಲ್ ಹಾಕೋ ತನಕ.”

“ಒಂದು ಹೋಯ್ತು ಅಂದ್ರೆ ಇನ್ನೊಂದು ಬರುತ್ತೆ,” ಎಂದರು. “ಮನುಷ್ಯರ ಕೈ ಇಲ್ದೆ ಆಗಲ್ಲ ಇದು. ನಾಳೆ ಆ ನೆಂಟರ ಹುಡುಗೀನ ಬರಕ್ಕೆ ಹೇಳ್ತೀನಿ ಚೇತನಾ. ಬೇಜಾರ್ ಮಾಡ್ಕೋಬೇಡಿ.”

ನಾನು ಆಗಲಿ ಎನ್ನಲಿಲ್ಲ. ಪರದೆಯ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದೆ.

“ತಾರೀಖು ಒಂದು ಜನವರಿ ಎರಡು ಸಾವಿರ ಅಂತಿದೆ ಸಾರ್. ರಾತ್ರಿ ಹನ್ನೆರಡು ಗಂಟೆ.”

“ಏನು?”

“ಶೆಲ್ ಹೋದ್ರೆ ಇದು ಅಲ್ಲಿಂದ ಶುರು ಮಾಡುತ್ತೆ ಅನ್ಸುತ್ತೆ. ಇದಕ್ಕೆ ಈಗ ಅದೇ ದಿನ.”

ಸಾರ್ ಸ್ಟೂಲಿನ ಮೇಲೆ ಕೂತರು. “ಯಾವ ವಾರ ಅದು?”

“ಶನಿವಾರ.”

“ರಾಹುಕಾಲ?”

“ಇಲ್ಲ ಸಾರ್. ಮಧ್ಯರಾತ್ರಿ.”

ಹೊರಗಿನಿಂದ ಶಾಂತವ್ವನ ದನಿ ಕೇಳಿಸಿತು. “ಎಷ್ಟೊತ್ರೀ ಇನ್ನ? ಹುಡುಗ ಇಲ್ಲೇ ಮುದುಕಾಗ್ತಾನ.” ಸಾರ್ ಗಲ್ಲ ಕೆರೆದುಕೊಂಡರು.

“ಎರಡು ಸಾವಿರದಲ್ಲಿ ನಿಮಗೆ ಮದುವೆ ಆಗಿತ್ತಾ?”

“ಇಲ್ಲ ಸಾರ್. ಜ್ಞಾನಭಾರತಿ ಹಾಸ್ಟೆಲ್‌ನಲ್ಲಿದ್ದೆ.”

“ಅಂದ್ರೆ ಕನ್ಯೆ.”

“ಹೌದು ಸಾರ್.”

“ಕನ್ಯೆ ಅಂದ್ರೆ ಮುತ್ತೈದೆಗಿಂತ ಒಂದು ತೂಕ ಜಾಸ್ತೀನೇ,” ಎಂದು ತಮಗೆ ತಾವೇ ಹೇಳಿಕೊಂಡರು. ನನ್ನನ್ನು ನೋಡಿದರು. ಪರದೆಯನ್ನು ನೋಡಿದರು. ಎದ್ದು ಊದುಬತ್ತಿ ಹಚ್ಚಿದರು.

“ಒತ್ತಿ.”

ನಾನು ಬೆರಳನ್ನು ಕೀಲಿಯ ಮೇಲಿಟ್ಟೆ. ಆಗ ನೆನಪಾಯಿತು. ಈ ಹನ್ನೆರಡು ಗಂಟೆಗೆ ನನ್ನ ಗಂಡ ಎಚ್ಚರವಾಗಿದ್ದರು. ರಾಜಾಜಿನಗರದಲ್ಲಿ ಇಂಥದೇ ಒಂದು ಪರದೆಯ ಮುಂದೆ ಕೂತಿದ್ದರು. ಪಕ್ಕದ ಮೇಜಿನ ಮೇಲೆ ಚಿತ್ರಾನ್ನದ ಪಾತ್ರೆ ಇತ್ತು. ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ.

“ಒತ್ತೀಮ್ಮ,” ಎಂದರು ಸಾರ್.

ಒತ್ತಿದೆ. ಕಂಪ್ಯೂಟರ್ ಮುಂದೆ ಹೋಯಿತು. ಗಡಿಯಾರ ನೋಡಿಕೊಂಡಿತು. ಶನಿವಾರದ ಮಧ್ಯರಾತ್ರಿ, ಅಡ್ಡಿಯಿಲ್ಲ ಎಂದು ಡೇಟಾಬೇಸನ್ನು ಎಬ್ಬಿಸಿತು. ಎರಡು ಹಾಳೆ ಅಚ್ಚು ಹಾಕಿ ಹೊರಗೆ ಕೊಟ್ಟೆವು.

ಶಾಂತವ್ವ ಮಗನ ಹಾಳೆಯನ್ನು ಅವನ ಕೈಯಲ್ಲೇ ಓದಿಸಿದರು. ವಯಸ್ಸು ಬಂದಾಗ ಅವನು ನಿಲ್ಲಿಸಿದ.

“ಇಪ್ಪತ್ತೊಂಬತ್ತು ಅಂತ ಐತಿ.”

ಡೇಟಾಬೇಸ್ ವಯಸ್ಸನ್ನು ಜನ್ಮದಿನಾಂಕದಿಂದ ಲೆಕ್ಕ ಹಾಕುತ್ತದೆ. ಅದರ ಪಾಲಿಗೆ ಐದು ವರ್ಷ ಇನ್ನೂ ಬಂದಿರಲಿಲ್ಲ. ಹೇಳಬೇಕೆಂದು ನಾನು ಬಾಯಿ ತೆರೆದೆ.

“ನಾ ಮೊದ್ಲಿಂದ ಹೇಳಾಕತ್ತಿಲ್ಲನು?” ಎಂದರು ಶಾಂತವ್ವ. “ನಿನ್ನ ವಯಸ್ಸಿನ ಲೆಕ್ಕ ನಿಮ್ಮಪ್ಪ ತಪ್ಪು ಬರೆಸ್ಯಾನ ಅಂತ.”

ಹುಡುಗಿಯ ಅಪ್ಪ ತಮ್ಮ ಹಾಳೆಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ನಾವು ಇಪ್ಪತ್ತೈದು ಅಂತ ತಾನೇ ಕೊಟ್ಟಿದ್ದು. ಇದರಲ್ಲಿ ಇಪ್ಪತ್ತು...”

“ಸುಮ್ನಿರ್ರಿ,” ಎಂದರು ಅವರ ಹೆಂಡತಿ. “ಕಂಪ್ಯೂಟರ್ ಹೇಳ್ತಿದೆ.”

ಸಂಬಂಧ ಅಲ್ಲೇ ಕುದುರಿತು. ಸಂಜೆ ನಾನು ಸರಿಯಾದ ವಯಸ್ಸಿನ ಹಾಳೆ ಮಾಡಿ ಎರಡೂ ಮನೆಗೆ ಕಳಿಸಿದೆ. ಎರಡೂ ಮನೆಯವರು ಅದನ್ನು ವಾಪಸ್ ಕಳಿಸಿದರು. ಹಳೆಯದೇ ಚೆನ್ನಾಗಿದೆ ಎಂದರಂತೆ.

ಮರುದಿನ ಬಾಳೇಶ ಹೊಸ ಶೆಲ್ ತಂದ. ಸಾರ್ ಅದನ್ನು ಹಾಕಲು ಬಿಡಲಿಲ್ಲ. ಎರಡು ದಿನ ನಮ್ಮ ಕೇಂದ್ರದಲ್ಲಿ ಎಲ್ಲರೂ ಐದು ವರ್ಷ ಚಿಕ್ಕವರಾಗಿದ್ದರು. ಕೆಂಚಪ್ಪ ಮೂವತ್ತೇಳಾದರು, ಮೀಸೆಗೆ ಬಣ್ಣ ಹಚ್ಚಿಕೊಂಡು ಬಂದರು. ಮೂರನೇ ದಿನ ಸಾರ್ ಹುಡುಗಿಯರ ಪಟ್ಟಿ ನೋಡಿದರು. ಅದು ಅರ್ಧವೂ ಇರಲಿಲ್ಲ.

“ಹುಡುಗೀರೆಲ್ಲಾ ಎಲ್ಲಿ ಚೇತನಾ?”

“ಸ್ಕೂಲಿಗೆ ಹೋಗಿದಾರೆ ಸಾರ್.”

“ಅಂದ್ರೆ?”

“ಇಪ್ಪತ್ತೆರಡರೊಳಗಿನವರಿಗೆಲ್ಲ ಈಗ ಹದಿನೆಂಟು ತುಂಬಿಲ್ಲ. ಅಂಥವರನ್ನ ಇದು ತೋರಿಸಲ್ಲ. ಒಬ್ಬಳು ಹದಿಮೂರು.”

ಸಾರ್ ಹೌಹಾರಿದರು. ಆದರೂ ಶೆಲ್ ಹಾಕಿಸಲು ಒಪ್ಪಲಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಯೋಚಿಸಿ ಒಂದು ಏರ್ಪಾಟು ಹೇಳಿದರು. ಶೆಲ್ ಇಲ್ಲದೆಯೇ ಇರಲಿ. ರಾಹುಕಾಲದ ತಾಪತ್ರಯವೂ ತಪ್ಪುತ್ತದೆ. ಕರೆಂಟ್ ಬಂದಾಗಲೆಲ್ಲ ಎರಡು ಸಾವಿರ ಇಸವಿಯ ಕನ್ಯೆ ಎಫ್ ಒನ್ ಒತ್ತಲಿ, ಡೇಟಾಬೇಸ್ ಏಳಲಿ. ಎದ್ದ ಮೇಲೆ ಇವತ್ತಿನ ತಾರೀಖು ಟೈಪ್ ಮಾಡಿದರಾಯಿತು.

“ಹಚ್ಚೋದು ಒಳ್ಳೆ ಗಳಿಗೇಲಿ ಆದ್ರೆ ಸಾಕು. ಆಮೇಲೆ ಯಾವ ವರ್ಷಕ್ಕೆ ಬೇಕಾದ್ರೂ ಕರ್ಕೊಂಡ್ ಬನ್ನಿ,” ಎಂದರು.

ನೆಂಟರ ಹುಡುಗಿಗೆ ಬರಬೇಡ ಎಂದು ಫೋನ್ ಮಾಡಿದರು. ಅವಳ ಮದುವೆ ತೊಂಬತ್ತೊಂಬತ್ತರಲ್ಲೇ ಆಗಿತ್ತು, ಮುತ್ತೈದೆ. ಆದರೆ ನಮಗೀಗ ಕನ್ಯೆ ಇದ್ದಳು. ಬಾಳೇಶ ಹೊಸ ಶೆಲ್ಲನ್ನು ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟು ಹೋದ. ಬೇಕಾದಾಗ ಹೇಳ್ರಿ, ಎರಡು ನಿಮಿಷದ ಕೆಲಸ ಎಂದ. ಅದು ಅಲ್ಲೇ ಇದೆ. ಅದನ್ನು ಹಾಕಿದರೆ ಕಂಪ್ಯೂಟರಿಗೆ ಯಾರ ಕೈಯೂ ಬೇಕಾಗುವುದಿಲ್ಲ.

ಕರೆಂಟ್ ಈಗಲೂ ಹೋಗುತ್ತದೆ. ಬರುತ್ತದೆ. ಕಂಪ್ಯೂಟರ್ ಎದ್ದು ಅರ್ಧಕ್ಕೆ ನಿಲ್ಲುತ್ತದೆ. ಪರದೆಯ ಮೇಲೆ ಆ ರಾತ್ರಿಯ ಹನ್ನೆರಡು ಗಂಟೆ. ನಾನು ತಕ್ಷಣ ಒತ್ತುವುದಿಲ್ಲ. ಒತ್ತದಿದ್ದರೆ ಅದು ಅಲ್ಲೇ ನಿಂತಿರುತ್ತದೆ, ಅದಕ್ಕೆ ಅವಸರವಿಲ್ಲ. ಅವರು ರಾಜಾಜಿನಗರದಲ್ಲಿ ಕೂತು ನೋಡುತ್ತಿದ್ದಾರೆ. ಏನೂ ಆಗಿಲ್ಲ.

“ಆಯ್ತೇನಮ್ಮ?” ಎಂದು ಹೊರಗಿನಿಂದ ಸಾರ್ ಕೇಳುತ್ತಾರೆ.

“ಆಗ್ತಾ ಇದೆ ಸಾರ್.”

ಎಫ್ ಒನ್ ಒತ್ತುತ್ತೇನೆ. ಡೇಟಾಬೇಸ್ ಏಳುವುದನ್ನು ನೋಡುತ್ತೇನೆ. ಆಮೇಲೆ ಇವತ್ತಿನ ತಾರೀಖು, ತಿಂಗಳು, ಇಸವಿ ಟೈಪ್ ಮಾಡಿ ಎಂಟರ್ ಒತ್ತುತ್ತೇನೆ. ಐದು ವರ್ಷ ಒಂದೇ ಸಲಕ್ಕೆ ಆಗಿಹೋಗುತ್ತದೆ. ಹುಡುಗಿಯರೆಲ್ಲ ಪಟ್ಟಿಗೆ ಹಿಂದಿರುಗುತ್ತಾರೆ. ಆ ಎಂಟರ್ ಬಗ್ಗೆ ಯಾರದೂ ತಕರಾರಿಲ್ಲ. ಮಿಕ್ಕಿದ್ದೆಲ್ಲಾ ನಿಮ್ಮದೇ ಎಂದು ಸಾರ್ ಮೊದಲೇ ಹೇಳಿದ್ದರು.